ಗುಂಡು ತಗುಲಿದ ಜಿಂಕೆ ಬೇಲಿ ಹಾರಿದರೆ?

ಆಸ್ಟಿನ್ ಅಣ್ಣಯ್ಯ: ಟೆಕ್ಸಾಸ್‌ನಲ್ಲಿ ಬೇಟೆ ಗೊತ್ತಿರುವವರು ಸ್ವಲ್ಪ ಹೇಳಿ. ಶನಿವಾರ ಸ್ನೇಹಿತನೊಬ್ಬನ ಜೊತೆ ಫ್ರೆಡೆರಿಕ್ಸ್‌ಬರ್ಗ್ ಹತ್ತಿರ ಹೋಗಿದ್ದೆ. ಬೇಟೆಗೆಂದು ಅವನು ಅಲ್ಲಿ ಜಾಗ ಲೀಸ್‌ಗೆ ಹಿಡಿದಿದ್ದಾನೆ. ನಾನು ಕೋವಿ ಮುಟ್ಟುವವನಲ್ಲ, ಸುಮ್ನೆ ನೋಡೋಕೆ ಹೋಗಿದ್ದು. ಸಂಜೆ ಒಂದು ವೈಟ್‌ಟೇಲ್ (ಇಲ್ಲಿನ ಬಿಳಿಬಾಲದ ಜಿಂಕೆ) ಗಂಡಿಗೆ ಹೊಡೆದ. ಅದು ಬೀಳಲಿಲ್ಲ, ಪಕ್ಕದವರ ಬೇಲಿ ಹಾರಿ ಪೊದೆ ಸೇರಿತು. ಬೇಲಿ ಕಂಬಗಳಿಗೆ ನೇರಳೆ ಬಣ್ಣ ಬಳಿದಿತ್ತು. ಆಚೆ ಕಡೆ ಹುಲ್ಲಿನ ಮೇಲೆ ರಕ್ತ ಕಾಣುತ್ತಿತ್ತು. ಇವನು "ಒಳಗೆ ಹೋಗೋ ಹಾಗಿಲ್ಲ" ಎಂದು ನಿಂತುಬಿಟ್ಟ. ಅಲ್ಲಿ ಒಂದು ಪ್ರಾಣಿ ನರಳುತ್ತಿದೆ, ಇಲ್ಲಿ ಇವನು ಬಣ್ಣ ನೋಡಿಕೊಂಡು ನಿಂತಿದ್ದಾನೆ! ಇದು ಸರಿಯಾ?

ರಾಂಚ್ ರಾಯ: ಸರಿ ಅಣ್ಣ, ನೂರಕ್ಕೆ ನೂರು. ಇಲ್ಲಿ 1997ರಿಂದ ನೇರಳೆ ಬಣ್ಣಕ್ಕೆ "ಒಳಗೆ ಬರಬೇಡಿ" ಬೋರ್ಡಿನಷ್ಟೇ ಬೆಲೆ. ಗಾಯವಾದ ಜಿಂಕೆಯ ಹಿಂದೆ ಹೋಗುತ್ತಿದ್ದೇನೆ ಅಂದರೂ ವಿನಾಯಿತಿ ಇಲ್ಲ. ಕೋವಿ ಹಿಡಿದು ಹೋದರಂತೂ ಕೇಸ್ ಇನ್ನೂ ದೊಡ್ಡದು. ತಮಾಷೆ ಏನೆಂದರೆ, ಹೊಡೆದ ಪ್ರಾಣಿಯನ್ನು ಹುಡುಕುವ ಪ್ರಯತ್ನವನ್ನೇ ಮಾಡದಿದ್ದರೆ ಅದೂ ಅಪರಾಧ. ಹಾಗಾಗಿ ಮಾಲೀಕನಿಗೆ ಫೋನ್ ಮಾಡಬೇಕು. ಸಿಗದಿದ್ದರೆ ಗೇಮ್ ವಾರ್ಡನ್‌ಗೆ, ಅಂದರೆ ಬೇಟೆ ಕಾನೂನು ನೋಡಿಕೊಳ್ಳುವ ಅಧಿಕಾರಿಗೆ. ಆದರೆ ಮಾಲೀಕ ಒಲ್ಲೆ ಅಂದರೆ ಅಲ್ಲಿಗೆ ಮುಗಿಯಿತು.

ಸೊಪ್ಪುಸಾರು: ಅಂದರೆ ಜೀವಕ್ಕಿಂತ ಬೇಲಿ ದೊಡ್ಡದು! ನರಳುವ ಪ್ರಾಣಿಗೆ ಒಂದು ಗುಂಡು ಹೊಡೆದು ನೋವು ಮುಗಿಸೋಕೂ ಪಕ್ಕದವನ ಅಪ್ಪಣೆ ಬೇಕಾ?

ರಾಂಚ್ ರಾಯ: ಬೇಕು. ಬೇಲಿಯ ಈಚೆ ನಿಂತು ಆಚೆಗೆ ಗುಂಡು ಹಾರಿಸುವುದೂ ತಪ್ಪೇ. ಈ ರಾಜ್ಯದಲ್ಲಿ ಶೇಕಡಾ 95ರಷ್ಟು ನೆಲ ಖಾಸಗಿಯವರದು. "ನನ್ನ ಜಿಂಕೆ ಒಳಗೆ ಹೋಯಿತು" ಅನ್ನುವ ನೆಪ ಒಪ್ಪಿಕೊಂಡರೆ ಕಳ್ಳಬೇಟೆಯವರೆಲ್ಲ ಅದನ್ನೇ ಹೇಳುತ್ತಾರೆ, ಅಲ್ವಾ?

ಮಿನ್ನೆಸೋಟ ಮಂಜ: ಎಲ್ಲಾ ಕಡೆ ಹೀಗಿಲ್ಲ ರಾಯರೇ. ನಮ್ಮಲ್ಲಿ ಬೋರ್ಡ್ ಹಾಕದ ಜಮೀನಾದರೆ, ಕಾನೂನುಬದ್ಧವಾಗಿ ಹೊಡೆದ ಗಾಯದ ಪ್ರಾಣಿಯನ್ನು ತರಲು ಕೇಳದೆಯೂ ನಡೆದು ಹೋಗಬಹುದು. ತಂದ ಕೂಡಲೇ ಹೊರಗೆ ಬರಬೇಕು. ಪಕ್ಕದ ವಿಸ್ಕಾನ್ಸಿನ್‌ಗೆ ಹೋದರೆ ಅದೂ ಇಲ್ಲ, ಕೇಳಲೇಬೇಕು. ನದಿ ದಾಟಿದರೆ ನ್ಯಾಯ ಬದಲಾಗುತ್ತೆ ಅಂದರೆ ಇದರಲ್ಲಿ ನೀತಿ ಎಲ್ಲಿದೆ, ನೀವೇ ಹೇಳಿ.

ಮಡಿಕೇರಿ ಮಳೆ: ನಾನು ಕೊಡಗಿನವಳು. ನಮ್ಮವರಿಗೆ ಕೋವಿ ಲೈಸೆನ್ಸ್‌ನಲ್ಲಿ ವಿನಾಯಿತಿ ಇದೆ, ಬೇಟೆಗೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಒಂದೇ. ಈಗ ನಾನಿರುವುದು ಸ್ಯಾನ್ ಆಂಟೋನಿಯೋದಲ್ಲಿ, ಇಲ್ಲಿ ಲೈಸೆನ್ಸ್ ತಗೊಂಡು ಹೋಗುತ್ತೇನೆ.

ಸೊಪ್ಪುಸಾರು ಅವರೇ, ಬೇಲಿ ಇಲ್ಲದಿದ್ದರೂ ತಕ್ಷಣ ಹಿಂದೆ ಓಡುವುದು ಒಳ್ಳೆಯದಲ್ಲ. ರಕ್ತ ತಿಳಿಗೆಂಪಾಗಿ ನೊರೆ ಇದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹತ್ತಿರದಲ್ಲೇ ಸತ್ತಿರುತ್ತೆ. ಕಪ್ಪಾಗಿ, ಹೊಟ್ಟೆಯ ಹಸಿರು ಸೇರಿದ್ದರೆ ಗುಂಡು ಹೊಟ್ಟೆಗೆ ಬಿದ್ದಿದೆ. ಆಗ ಗಂಟೆಗಟ್ಟಲೆ ಕಾಯಬೇಕು. ಬೇಗ ಹೋದರೆ ಮಲಗಿದ ಜಿಂಕೆ ಎದ್ದು ಓಡುತ್ತೆ, ನೋವೂ ಜಾಸ್ತಿ, ಸಿಗುವುದೂ ಇಲ್ಲ. ಆದರೆ ಟೆಕ್ಸಾಸ್‌ನ ಸೆಕೆಯಲ್ಲಿ ಬೆಳಗಿನವರೆಗೆ ಬಿಟ್ಟರೆ ಮಾಂಸ ಹಾಳು, ಕಯೋಟಿಗಳ (ನಮ್ಮ ನರಿ-ತೋಳದಂಥ ಪ್ರಾಣಿ) ಕಾಟ ಬೇರೆ. ಇದಕ್ಕೆ ಯಾವ ಕಾನೂನು ಪುಸ್ತಕದಲ್ಲೂ ಉತ್ತರ ಇಲ್ಲ.

ಅಣ್ಣಯ್ಯ, ನಿಮ್ಮ ಸ್ನೇಹಿತನಿಗೆ ನನ್ನ ಪ್ರಶ್ನೆ ಬೇರೆ. ಬೇಲಿ ಅಷ್ಟು ಹತ್ತಿರ ಇದ್ದಾಗ, ಕತ್ತಲಾಗುವ ಹೊತ್ತಿನಲ್ಲಿ, ಪಕ್ಕದವರ ನಂಬರ್ ಕೂಡ ಇಲ್ಲದೆ ಈಡು ಹೊಡೆದಿದ್ದೇಕೆ?

ಆಸ್ಟಿನ್ ಅಣ್ಣಯ್ಯ: ಕೇಳಿದೆ ಅಕ್ಕ. "ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಹೊಡೆಯಬಹುದು, ನಾನು ಟೈಮ್ ಒಳಗೇ ಇದ್ದೆ" ಅಂದ.

ಮಡಿಕೇರಿ ಮಳೆ: ಟೈಮ್ ಒಳಗೆ ಇದ್ದ, ಸರಿ. ಕಣ್ಣಿಗೆ ಕಾಣುತ್ತಿತ್ತಾ?

ಆಸ್ಟಿನ್ ಅಣ್ಣಯ್ಯ: ಹ್ಞಾಂ... ಅದಕ್ಕೆ ಅವನು ಉತ್ತರ ಕೊಡಲಿಲ್ಲ. ಮುಂದಿನ ಕಥೆ ಕೇಳಿ. ಪಕ್ಕದ ಮಾಲೀಕ ರಾತ್ರಿ ಫೋನಿಗೆ ಸಿಕ್ಕ. "ಬೆಳಿಗ್ಗೆ ಬನ್ನಿ, ಕೋವಿ ತರಬೇಡಿ" ಅಂದ. ಹೋದೆವು. ಜಿಂಕೆ ಸಿಕ್ಕಿತು, ಆದರೆ ಹಿಂದಿನ ತೊಡೆ ಪೂರ್ತಿ ಕಯೋಟಿ ಪಾಲಾಗಿತ್ತು. ಸ್ನೇಹಿತ ಅದಕ್ಕೆ ಟ್ಯಾಗ್ ಕಟ್ಟಿದ, ಅದೇ ಲೈಸೆನ್ಸ್ ಜೊತೆ ಬರುವ, ಒಂದು ಜಿಂಕೆಗೆ ಒಂದರಂತೆ ಕಟ್ಟುವ ಚೀಟಿ.

ಮಿನ್ನೆಸೋಟ ಮಂಜ: ಸಿಕ್ಕಿತು, ಕಟ್ಟಿದ. ಸಿಗದಿದ್ದರೆ? ಟ್ಯಾಗ್ ಜೇಬಲ್ಲೇ ಇರುತ್ತೆ, ಮರುದಿನ ಇನ್ನೊಂದಕ್ಕೆ ಹೊಡೆಯಬಹುದು. ನಾನಾದರೆ ಹೊಡೆಯಲ್ಲ. ನನ್ನ ಗುಂಡಿಗೆ ಒಂದು ಜಿಂಕೆ ಹೋಯಿತು, ಲೆಕ್ಕ ಮುಗಿಯಿತು.

ರಾಂಚ್ ರಾಯ: ಗಾಯ ಸಣ್ಣದಿದ್ದು ಬದುಕಿದ್ದರೆ? ಎಷ್ಟೋ ಜಿಂಕೆ ಹಳೆಯ ಗಾಯದ ಕಲೆ ಹೊತ್ತು ಓಡಾಡುತ್ತವೆ. ಊಹೆ ಮೇಲೆ ಸೀಸನ್ ಮುಗಿಸಿ ಅನ್ನೋದು ನನಗೆ ಒಪ್ಪಿಗೆ ಇಲ್ಲ.

ಸೊಪ್ಪುಸಾರು: ನಿಮ್ಮ ಲೆಕ್ಕಾಚಾರ ಇರಲಿ. ಟೆಕ್ಸಾಸ್‌ನಲ್ಲಿ ನಮ್ಮ ಚುಕ್ಕೆ ಜಿಂಕೆಗೂ ಹೊಡೆಯುತ್ತಾರಂತೆ, ಹೌದಾ? ಬಂಡೀಪುರದಲ್ಲಿ ಅದನ್ನು ನೋಡೋಕೆ ದುಡ್ಡು ಕೊಟ್ಟು ಸಫಾರಿಗೆ ಹೋಗುತ್ತೇವೆ.

ಮಡಿಕೇರಿ ಮಳೆ: ಹೌದು. ಇಲ್ಲಿ ಅದಕ್ಕೆ ಆಕ್ಸಿಸ್ ಅಂತಾರೆ. 1932ರಲ್ಲಿ ತಂದು ಬಿಟ್ಟಿದ್ದು. ಈಗ ಟೆಕ್ಸಾಸ್ ನಡುವಿನ ಗುಡ್ಡಗಾಡು ಹಿಲ್ ಕಂಟ್ರಿ ತುಂಬಾ ಇವೆ. ಹೊರಗಿನ ಪ್ರಾಣಿ ಅಂತ ಸೀಸನ್ ಇಲ್ಲ, ಇಷ್ಟೇ ಹೊಡೆಯಬೇಕು ಅನ್ನೋ ಮಿತಿಯೂ ಇಲ್ಲ. ಜಮೀನಿನವರ ಒಪ್ಪಿಗೆಯಂತೂ ಬೇಕು. ವೈಟ್‌ಟೇಲ್ ಮೇಯುವ ಸೊಪ್ಪು, ಹುಲ್ಲು ಇವೂ ತಿನ್ನುವುದರಿಂದ ಕಡಿಮೆ ಮಾಡಬೇಕು ಅನ್ನುವುದರಲ್ಲಿ ನ್ಯಾಯ ಇದೆ. ನಾನೂ ಹೊಡೆದಿದ್ದೇನೆ.

ಆದರೆ ನಿಜವಾದ ಪೇಚಾಟ ಅಲ್ಲೇ. ವೈಟ್‌ಟೇಲ್ ಮರಿ ಹಾಕುವುದು ಬೇಸಿಗೆಯ ಆಸುಪಾಸು. ನವೆಂಬರ್‌ನಲ್ಲಿ ಸೀಸನ್ ಶುರುವಾಗುವಾಗ ಮರಿ ತಾನೇ ಮೇಯುತ್ತಿರುತ್ತೆ. ಚುಕ್ಕೆ ಜಿಂಕೆ ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕುತ್ತೆ. ಮುಂದೆ ನಿಂತ ಹೆಣ್ಣಿನ ಮರಿ ಹುಲ್ಲಿನಲ್ಲಿ ಮಲಗಿದೆಯೋ ಇಲ್ಲವೋ ಹೇಗೆ ತಿಳಿಯಬೇಕು? ಕಾನೂನು "ಹೊಡಿ" ಅನ್ನುತ್ತೆ. ಕೆಚ್ಚಲು ತುಂಬಿರುವುದು ದುರ್ಬೀನಿನಲ್ಲಿ ಕಂಡರೆ ನಾನು ಬಿಡುತ್ತೇನೆ. ಕಾಣದಿದ್ದರೆ, ಗಂಡು ಬರುವವರೆಗೆ ಕಾಯುತ್ತೇನೆ.

ರಾಂಚ್ ರಾಯ: ಅಕ್ಕ, ಗಂಡು ಮಾತ್ರ ಹೊಡೆದರೆ ಸಂಖ್ಯೆ ಇಳಿಯಲ್ಲ. ಕಡಿಮೆ ಮಾಡೋಕೆ ಅಂತ ಹೊರಟವರು ಹೆಣ್ಣಿಗೇ ಹೊಡೆಯಬೇಕು.

ಮಡಿಕೇರಿ ಮಳೆ: ಗೊತ್ತು ರಾಯರೇ. ಆ ಲೆಕ್ಕ ಸರಿ. ಆದರೂ ನನ್ನ ಕೈಲಿ ಆಗಲ್ಲ.

ಆಸ್ಟಿನ್ ಅಣ್ಣಯ್ಯ: ಸ್ನೇಹಿತನಿಗೆ ಇದನ್ನೆಲ್ಲ ಓದಿಸಿದೆ. ಪಕ್ಕದ ಮೂರೂ ಜಮೀನಿನವರ ನಂಬರ್ ತಗೊಂಡಿದ್ದಾನೆ. ಮೂರನೆಯವನು ಮಾತ್ರ "ನನ್ನ ಜಾಗಕ್ಕೆ ಯಾರೂ ಬರಬೇಡಿ, ಸತ್ತ ಜಿಂಕೆಗೂ" ಅಂದನಂತೆ. ಆ ಕಡೆಯ ಮಚಾನು ಕಿತ್ತು ಬೇರೆ ಕಡೆ ಹಾಕುತ್ತಾನಂತೆ.