ಅಪ್‌ಡೇಟ್: ನಮ್ಮ ಬಡಾವಣೆಯ ಅರ್ಧಕ್ಕೆ ನಿಂತ ರಸ್ತೆಯ ಪರಿಶೀಲನೆ ನಡೆಯಿತು

ಹುಬ್ಬಳ್ಳಿಯ ಹೊರವಲಯದಲ್ಲಿರುವ ನಮ್ಮ ಬಡಾವಣೆಯ ರಸ್ತೆ ಕಾಮಗಾರಿ ಅರ್ಧಕ್ಕೆ ನಿಂತಿದೆ, ಯಾರನ್ನು ಕೇಳಬೇಕು ಎಂದು ಮಳೆಗಾಲಕ್ಕೆ ಮುನ್ನ ವಿಚಾರಿಸಿದ್ದೆ. ಹಲವರು ಸೂಚಿಸಿದಂತೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಕಾಮಗಾರಿ ಆದೇಶ, ಅಂದಾಜು ಪಟ್ಟಿ ಹಾಗೂ ಅಳತೆ ಪುಸ್ತಕದ (ಆದ ಕೆಲಸವನ್ನು ಅಳೆದು ಬರೆದಿಡುವ ದಾಖಲೆ) ಪ್ರತಿಗಳನ್ನು ಕೇಳಿದೆ. 30 ದಿನಗಳ ಗಡುವಿನೊಳಗೇ ಉತ್ತರ ಬಂತು. ಇದೇ ಕಾಯ್ದೆಯ ಕಲಂ 2(ಜೆ) ಕಾಮಗಾರಿಯನ್ನು ಖುದ್ದಾಗಿ ನೋಡುವ, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ನಾಗರಿಕರಿಗೆ ಕೊಡುತ್ತದೆ ಎಂಬುದು ನನಗೆ ಮೊದಲು ತಿಳಿದಿರಲಿಲ್ಲ.

ಕಳೆದ ವಾರ ಎಂಜಿನಿಯರರು ಸ್ಥಳಕ್ಕೆ ಬಂದಾಗ, ಒಳಚರಂಡಿ ಕೊಳವೆ ಹಾಕುವ ಮೊದಲೇ ಜಲ್ಲಿ ಹಾಸಿದ್ದರಿಂದ ಕೆಲಸ ನಿಂತಿತೆಂಬುದು ಸ್ಪಷ್ಟವಾಯಿತು. ನಮ್ಮದು ಎರೆ ಮಣ್ಣು. ಮಳೆಯಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವ ಈ ನೆಲದ ಮೇಲೆ ಗರಸು ಹಾಕಿ, ರೋಲರ್ ಹೊಡೆಸಿ ಗಟ್ಟಿಮಾಡದೆ ಡಾಂಬರು ಹಾಕಿದರೆ ರಸ್ತೆ ಬೇಗನೆ ಕುಸಿಯುತ್ತದೆ. ಆದ್ದರಿಂದ ಅವಸರದ ಡಾಂಬರು ಬೇಡವೆಂದು ನಾವೇ ಬರೆದುಕೊಟ್ಟೆವು. ಕೆಲವು ನೆರೆಯವರಿಗೆ ಇದು ಹಿಡಿಸಲಿಲ್ಲ. ಮಕ್ಕಳು ದಿನವೂ ಕೆಸರು ತುಳಿದು ಶಾಲೆಗೆ ಹೋಗುತ್ತಿರುವಾಗ ಅವರ ಸಂಕಟ ನ್ಯಾಯವಾದದ್ದೇ.

ಕೊಳವೆಯ ಕೆಲಸ ಸೋಮವಾರ ಮತ್ತೆ ಶುರುವಾಗಿದೆ. ಮುಂದಿನ ಅಳತೆಯ ದಿನ ಇಬ್ಬರು ನಿವಾಸಿಗಳು ಹಾಜರಿರಲು ಒಪ್ಪಿಗೆ ಸಿಕ್ಕಿದೆ.