ಅಪ್‌ಡೇಟ್: ಕೋಟೆ ಹೋಯಿತು, ಹೊಂಡ ಉಳಿಯಿತು

‘ಚಿತ್ರದುರ್ಗದ ಕೋಟೆ’ ಎಂದು ಎಂ.ಎ. ಕಿರುಸಂಶೋಧನೆಗೆ ಹೊರಟಿದ್ದೇನೆ, ಮಾರ್ಗದರ್ಶಕರು ಒಪ್ಪುತ್ತಿಲ್ಲ, ಏನು ಮಾಡಲಿ ಎಂದು ಕಳೆದ ತಿಂಗಳು ಕೇಳಿದ್ದೆ. ನೀವು ಹೇಳಿದಂತೆ ಒಂದೇ ಪುಟದಲ್ಲಿ ಪ್ರಶ್ನೆ, ಆಕರ, ವೇಳಾಪಟ್ಟಿ ಬರೆದು ಒಯ್ದೆ. ಮೇಡಂ ಮುಕ್ಕಾಲು ಭಾಗ ಹೊಡೆದುಹಾಕಿದರು. ಉಳಿದದ್ದು ನೀರಿನ ದಾರಿ: ಬೆಟ್ಟದ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡಕ್ಕೆ. ಆ ದಾರಿಗೆ ಈಗ ಏನೇನು ಅಡ್ಡ ನಿಂತಿದೆ ಎಂಬುದೇ ಪ್ರಶ್ನೆ. ಮೊದಲು ಸಿಟ್ಟೇ ಬಂದಿತ್ತು. ಎರಡು ಭಾನುವಾರ ಬಿಸಿಲಲ್ಲಿ ನಡೆದ ಮೇಲೆ, ಒಂದು ಸೆಮಿಸ್ಟರಿಗೆ ಇದೇ ಹೆಚ್ಚಾಯಿತು ಅನ್ನಿಸಿದೆ. ಹದಿನೈದು ದಿನಕ್ಕೊಮ್ಮೆ ಭೇಟಿ. ಮಾತಾದದ್ದನ್ನು ಅಂದೇ ಬರೆದು ಕಳಿಸಬೇಕು. ಊರ ಪಕ್ಕದ ಚಂದ್ರವಳ್ಳಿಯಲ್ಲಿರುವ ಕದಂಬ ದೊರೆ ಮಯೂರಶರ್ಮನ ಶಾಸನವೂ ಕೆರೆ ಕಟ್ಟಿಸಿದ್ದರ ಕುರಿತೇ ಅಲ್ಲವೇ, ಸೇರಿಸಲೇ ಎಂದೆ. ‘ಅಡಿಟಿಪ್ಪಣಿಯಲ್ಲಿ’ ಎಂದರು.