ಓಪ್ಯಾಕ್‌ನಲ್ಲಿ ಕನ್ನಡ ಪುಸ್ತಕಗಳನ್ನು ಅಂಧರು ತಾವೇ ಹುಡುಕುವುದು ಹೇಗೆ?

ಪ್ರಶ್ನೆ

ಮಾನ್ಯರೇ, ನಾನು ಹುಟ್ಟಿನಿಂದ ಅಂಧ. ವಚನ ಸಾಹಿತ್ಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಕಂಪ್ಯೂಟರಿನಲ್ಲಿ, ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಬಳಸುತ್ತೇನೆ. ನಮ್ಮ ಗ್ರಂಥಾಲಯದ ಓಪ್ಯಾಕ್‌ನಲ್ಲಿ (ಕಂಪ್ಯೂಟರಿನಲ್ಲಿ ಹುಡುಕಬಲ್ಲ ಪುಸ್ತಕಗಳ ಪಟ್ಟಿಯಲ್ಲಿ) ‘ವಚನ’ ಎಂದು ಕನ್ನಡದಲ್ಲಿ ಟೈಪ್ ಮಾಡಿದರೆ ಒಂದು ಪುಸ್ತಕವೂ ಸಿಗುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಕೆಲವು ಸಿಗುತ್ತವೆ. ಅದರಿಂದ ‘ಎಚ್’ ಅಕ್ಷರವೊಂದನ್ನು ತೆಗೆದರೆ ಬೇರೆಯೇ ಪಟ್ಟಿ ಬರುತ್ತದೆ. ವಿಭಾಗದ ಗ್ರಂಥಾಲಯದ ಪಿಡಿಎಫ್ ಪಟ್ಟಿಯಂತೂ ‘ಪಿ, ಪೌಂಡ್, ಕ್ಯೂ’ ಎಂದು ಕೇಳಿಸುತ್ತದೆ; ಅದು ‘ಕನ್ನಡ’ ಎಂಬ ಪದವೆಂದು ಗೆಳೆಯನೊಬ್ಬ ನೋಡಿ ಹೇಳಿದ ಮೇಲೆಯೇ ನನಗೆ ತಿಳಿಯಿತು. ಹೆಸರು ಗೊತ್ತಿರುವ ಪುಸ್ತಕವನ್ನು ಸಿಬ್ಬಂದಿ ಪ್ರೀತಿಯಿಂದಲೇ ಹುಡುಕಿಕೊಡುತ್ತಾರೆ. ಆದರೆ ಏನೇನಿದೆ ಎಂಬುದನ್ನೇ ತಿಳಿಯಬೇಕಾದಾಗ ಇನ್ನೊಬ್ಬರನ್ನು ಗಂಟೆಗಟ್ಟಲೆ ಕಪಾಟಿನ ಮುಂದೆ ನಿಲ್ಲಿಸಿಕೊಳ್ಳುವುದು ಹೇಗೆ?

ಉತ್ತರ 1

ನಾನು ಗ್ರಂಥಪಾಲಕಿ. ತೊಂದರೆ ಇರುವುದು ನಿಮ್ಮ ಎನ್‌ವಿಡಿಎಯಲ್ಲಿ ಅಲ್ಲ, ನಮ್ಮಂಥವರು ತುಂಬಿಸಿದ ದಾಖಲೆಗಳಲ್ಲಿ. ಅನೇಕ ಕಡೆ ಕನ್ನಡ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಮಾತ್ರ ದಾಖಲಿಸಲಾಗಿದೆ. ಗ್ರಂಥಾಲಯಗಳ ಲಿಪ್ಯಂತರ ಪದ್ಧತಿಯಲ್ಲಿ ‘ಚ’ಕ್ಕೆ ‘ಸಿ’ ಒಂದೇ ಸಾಕು. ರೂಢಿಯಂತೆ ಬರೆಯುವವರು ‘ಸಿಎಚ್’ ಹಾಕುತ್ತಾರೆ. ಹಾಗಾಗಿ ಎರಡು ಪಟ್ಟಿಗಳು. ಗ್ರಂಥಾಲಯದ ದಾಖಲೆಗಳನ್ನು ಬರೆಯುವ ಮಾರ್ಕ್ ಮಾದರಿಯಲ್ಲಿ 880ನೆಯ ಕ್ಷೇತ್ರ ಇರುವುದೇ ಮೂಲ ಲಿಪಿಯ ಶೀರ್ಷಿಕೆಯನ್ನು ಜೊತೆಗಿಡಲು. ಅದನ್ನು ತುಂಬಿ, ಕೊಹಾ ಎಂಬ ಗ್ರಂಥಾಲಯ ತಂತ್ರಾಂಶ ಇರುವಲ್ಲಿ ಭಾರತೀಯ ಲಿಪಿಗಳಿಗೆ ಹೊಂದುವ ಐಸಿಯು ಸೂಚೀಕರಣವನ್ನು ಅಳವಡಿಸಿದರೆ ನಿಮ್ಮ ‘ವಚನ’ ಸಿಗುತ್ತದೆ. ದಾಖಲಿಸುವ ಕೃತಿಯನ್ನು ಬ್ರೈಲ್, ಧ್ವನಿ ಮುಂತಾದ ರೂಪದಲ್ಲಿ ಓದಲಾಗುತ್ತದೆಯೇ ಎಂದು ನಮೂದಿಸಲು 2018ರಲ್ಲಿ 341 ಮತ್ತು 532 ಎಂಬ ಕ್ಷೇತ್ರಗಳೂ ಸೇರಿವೆ. ಪಿಡಿಎಫ್ ಪಟ್ಟಿ, ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ಕೊಡುವ ಹಳೆಯ ಆಸ್ಕಿ ಫಾಂಟಿನದು. ಅದರ ಮೂಲ ಕಡತವನ್ನು ಕೇಳಿ ಪಡೆಯಿರಿ, ಯೂನಿಕೋಡ್ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ.

ಉತ್ತರ 2

ನಾನೂ ಎನ್‌ವಿಡಿಎ ಬಳಸುವವನು. ದಾಖಲೆ ಸರಿಹೋಗುವವರೆಗೆ ಕಾಗುಣಿತದ ಗೊಡವೆಯಿಲ್ಲದೆ ವರ್ಗಸಂಖ್ಯೆಯಿಂದ, ಅಂದರೆ ವಿಷಯಕ್ಕೆ ತಕ್ಕಂತೆ ಪುಸ್ತಕಕ್ಕೆ ಕೊಡುವ ಸಂಖ್ಯೆಯಿಂದ ಹುಡುಕಿ. ಕೊಹಾ ಪುಟದಲ್ಲಿ ‘ಸಿ’ ಕೀಲಿ ಒತ್ತಿದರೆ ಕಾಂಬೋ ಬಾಕ್ಸ್ (ಆಯ್ಕೆಗಳ ಪಟ್ಟಿ) ಸಿಗುತ್ತದೆ. ಅದರಲ್ಲಿ ಕಾಲ್ ನಂಬರ್ ಆರಿಸಿ, ‘ಇ’ ಒತ್ತಿ ಹುಡುಕುವ ಪೆಟ್ಟಿಗೆಗೆ ಹೋಗಿ 894.814 ಎಂದು ಕೊಡಿ. ಡ್ಯೂಯಿ ಪದ್ಧತಿಯಲ್ಲಿ ಅದು ಕನ್ನಡ ಸಾಹಿತ್ಯ. ಕೊನೆಗೆ 1 ಸೇರಿಸಿದರೆ ಕಾವ್ಯ. ಬೇರೆ ಬಗೆಯ ಸಂಖ್ಯೆ ಕೊಡುವ ಕೋಲನ್ ವರ್ಗೀಕರಣ ಇರುವ ಗ್ರಂಥಾಲಯಗಳಲ್ಲಿ ಮಾತ್ರ ಇದು ನಡೆಯದು.

ಉತ್ತರ 3

2016ರಲ್ಲಿ ಆರಂಭವಾದ, ಮುದ್ರಿತ ಪುಸ್ತಕ ಓದಲಾಗದವರ ಆನ್‌ಲೈನ್ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯವನ್ನೂ ನೋಡಿ. ಆದರೆ ಅಲ್ಲಿ ಸಿಗುವುದು ಈಗಾಗಲೇ ಪರಿವರ್ತಿಸಿದ ಪುಸ್ತಕಗಳು ಮಾತ್ರ. ನಿಮ್ಮ ಗ್ರಂಥಾಲಯದ ಕಪಾಟಿಗೆ ಅದು ಬದಲಿಯಾಗದು. ಬೇಕಾದ ಪುಸ್ತಕ ಮುದ್ರಣದಲ್ಲಷ್ಟೇ ಇದ್ದರೆ, 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ 52(1)(ಜೆಡ್‌ಬಿ) ಉಪಬಂಧದಂತೆ ಓದಬಲ್ಲ ರೂಪದ ಪ್ರತಿ ಮಾಡಿಕೊಳ್ಳಲು ಅವಕಾಶವಿದೆ. ಆದರೆ ಪುಸ್ತಕ ನಿಮ್ಮ ಗ್ರಂಥಾಲಯದಲ್ಲಿದೆಯೆಂದು ಮೊದಲು ತಿಳಿಯಬೇಕಲ್ಲ!

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ವರ್ಗಸಂಖ್ಯೆಯಿಂದ ಹುಡುಕಿದೆ. ಪಟ್ಟಿ ಉದ್ದವಿತ್ತು; ರೋಮನ್ ಹೆಸರುಗಳನ್ನು ಕನ್ನಡ ಧ್ವನಿ ಸರಿಯಾಗಿ ಉಚ್ಚರಿಸದ ಕಾರಣ ಎಷ್ಟೋ ಕಡೆ ಅಕ್ಷರ ಅಕ್ಷರವಾಗಿ ಕೇಳಬೇಕಾಯಿತು. ಆದರೂ ಎರಡು ವರ್ಷಗಳಲ್ಲಿ ಯಾರೂ ನನಗೆ ಹೇಳದಿದ್ದ ಮೂರು ಸಂಪುಟಗಳು ಸಿಕ್ಕವು. ಆ ದಾಖಲೆಗಳ ಸಂಖ್ಯೆಗಳನ್ನು ಬರೆದು, 880ನೆಯ ಕ್ಷೇತ್ರವನ್ನು ಅವುಗಳಿಂದಲೇ ತುಂಬಲು ಆರಂಭಿಸಬೇಕೆಂದು ಗ್ರಂಥಪಾಲಕರಿಗೆ ಅರ್ಜಿ ಕೊಟ್ಟಿದ್ದೇನೆ.